ಎದುರು ತಟ್ಟೆ ಇಲ್ಲದ ತಕ್ಕಡಿ

"ಹೊಟ್ಟೆಯೊಳಗೆ ಏನಿಟ್ಟುಕೊಂಡಿದ್ದೀಯಮ್ಮ ನೀನು?"

ಅಂಗಡಿಯಲ್ಲಿ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಮೇಜಿನ ಮೇಲೆ ಒಂದು ಹಳೆಯ ತಕ್ಕಡಿ ಕವುಚಿ ಬಿದ್ದಿತ್ತು. ಹಿಂಬದಿಯ ಪರದೆಯಾಚೆ, ಮನೆಯೊಳಗೆ, ನಾಲ್ಕು ತಿಂಗಳ ಮಗಳು ಹಾಲು ಕಕ್ಕಿ ಅಳುತ್ತಿದ್ದಳು. ಯಾರನ್ನು ಕೇಳಿದನೋ ತಕ್ಕಡಿ ರಿಪೇರಿಯವನಿಗೇ ತಿಳಿಯದು. ಬಾಯಿಗೆ ಬಂತು, ಕೇಳಿದ, ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ.

ಅದು ಕೂಸುಗಳನ್ನು ತೂಗುವ ತಕ್ಕಡಿ. ಮೇಲೆ ದೋಣಿಯ ಹಾಗೆ ಬಾಗಿದ ತಗಡಿನ ತಟ್ಟೆ, ಕೆಳಗೆ ಎರಕದ ಕಬ್ಬಿಣದ ಪೆಟ್ಟಿಗೆ, ಮುಂದೆ ಗೀಟು ಕೊರೆದ ಹಿತ್ತಾಳೆಯ ತೊಲೆ, ಅದರ ಮೇಲೆ ಜಾರುವ ಪುಟ್ಟ ಗುಂಡು. ಎದುರಿಗೆ ಇನ್ನೊಂದು ತಟ್ಟೆ ಇಲ್ಲ.

ಬೆಳಿಗ್ಗೆ ಅದನ್ನು ಸೊಂಟದ ಮೇಲಿಟ್ಟುಕೊಂಡು ತಂದವಳು ಕಸುಬು ಬಿಟ್ಟು ಎಷ್ಟೋ ವರ್ಷವಾಗಿದ್ದ ಸೂಲಗಿತ್ತಿ. ಉರಿಬಿಸಿಲಲ್ಲೂ ಹೆಗಲಿಂದ ಮೊಣಕೈಯವರೆಗೆ ಶಾಲು ಸುತ್ತಿಕೊಂಡ ಮುದುಕಿ.

"ತಳದ ಮುಚ್ಚಳ ಸಡಿಲ ಆಗಿದೆಯಪ್ಪ. ಬೆಸುಗೆ ಹಾಕಿ ಮುಚ್ಚಿಬಿಡು. ಒಳಗೆ ನೋಡಬೇಡ."

"ಯಾಕಜ್ಜಿ, ಮೊಟ್ಟೆ ಇಟ್ಟು ಕಾವಿಗೆ ಕೂತಿದೆಯಾ?"

ಮುದುಕಿ ನಗಲಿಲ್ಲ. ಪರದೆಯಾಚೆಯ ಅಳು ಅವಳ ಕಿವಿಗೆ ಬಿದ್ದದ್ದು ಆಗ. ಮುಖ ಬಿಳುಚಿತು. "ಮನೇಲಿ ಕೂಸಿದೆ ಅಂತ ಗೊತ್ತಿದ್ದರೆ ನಾನು ಈ ಅಂಗಡಿ ಮೆಟ್ಟಿಲೇ ಹತ್ತುತ್ತಿರಲಿಲ್ಲ. ಅದನ್ನ ಇದರ ಮೇಲೆ ಮಲಗಿಸಬೇಡ ಮಗಾ. ಇದನ್ನ ಕಟ್ಟಿ ಹಾಕಿದೆ. ಕಟ್ಟು ಬಿಚ್ಚಿದರೆ ತಿನ್ನುತ್ತೆ."

"ತಕ್ಕಡಿ ಸುಳ್ಳು ಹೇಳುತ್ತೆ ಅಂತ ಕೇಳಿದೀನಿ. ತಿನ್ನುತ್ತೆ ಅಂತ ಕೇಳ್ತಿರೋದು ಇದೇ ಮೊದಲು," ಅಂದು ಅವನು ನಕ್ಕಿದ್ದ. ಮೂರು ದಿನ ಬಿಟ್ಟು ಬರುತ್ತೇನೆಂದು ಹೇಳಿ ಮುದುಕಿ ಹೋಗಿದ್ದಳು. ಹೋಗುವಾಗ ಎರಡು ಸಲ ತಿರುಗಿ ನೋಡಿದ್ದಳು.

ಈ ಬೀದಿಗೆ ಬಂದು ಅವನಿಗೆ ಮೂರು ತಿಂಗಳು. ಬೀದಿಯ ಭಯಗಳು ಇನ್ನೂ ಅವನವಾಗಿರಲಿಲ್ಲ. ಅವನಿಗಿದ್ದದ್ದು ಒಂದೇ ಭಯ, ತಪ್ಪು ತೂಕದ್ದು. ಬರಿದಾದ ತಟ್ಟೆ ಹನ್ನೊಂದು ಗ್ರಾಂ ತೋರಿಸುತ್ತಿತ್ತು. ಸೊನ್ನೆಯಲ್ಲಿ ನಿಲ್ಲದ ತಕ್ಕಡಿಯನ್ನು ಬೆಸುಗೆ ಹಾಕಿ ಕೊಟ್ಟುಬಿಟ್ಟರೆ ಆ ಹನ್ನೊಂದು ಗ್ರಾಂ ಸುಳ್ಳಿಗೆ ತನ್ನ ಕೈಯ ಮೊಹರು ಬಿದ್ದ ಹಾಗೆ. ಅವನ ಕಸುಬು ಅದಕ್ಕೆ ಒಪ್ಪಲಿಲ್ಲ. ಮುಚ್ಚಳ ಬಿಚ್ಚಿದ.

ಒಡೆದ ಹಾಲಿನ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಒಳಗೆ, ತೊಲೆಯ ಬುಡಕ್ಕೆ ಅಂಟಿಕೊಂಡು, ಕಪ್ಪು ದಾರ ಸುತ್ತಿದ ಮೇಣದ ಉಂಡೆ. ಉಗುರಿನಿಂದ ಕೆರೆದರೆ ಮೇಣದಲ್ಲಿ ಎಳೆಗೂದಲು. ಕೂದಲ ನಡುವೆ ಅಕ್ಕಿಕಾಳಿನಂಥ ಒಂದು ಹಲ್ಲು. ಕಿತ್ತು ಇನ್ನೊಂದು ತಕ್ಕಡಿಯಲ್ಲಿಟ್ಟು ತೂಗಿದ. ಸರಿಯಾಗಿ ಹನ್ನೊಂದು ಗ್ರಾಂ.

"ಸಿಕ್ಕಿದೆಯಲ್ಲ ಕಳ್ಳ," ಅಂದ. ಸೀಸ ಕರಗಿಸಲು ಉರಿಗಿಟ್ಟಿದ್ದ ಮೂಸೆಗೆ ಉಂಡೆಯನ್ನು ಎಸೆದ.

ಮೇಣ ಚುರ್ರೆಂದಿತು. ಕೂದಲು ಸುಟ್ಟು ಕಮಟಿತು. ಹಲ್ಲು ಸಿಡಿದ ಸದ್ದು, ಕೂಸು ಬಿಕ್ಕಳಿಸಿದ ಹಾಗೆ. ಹೊಗೆ ಮೇಲಕ್ಕೇರಲಿಲ್ಲ. ನೆಲ ತಡವಿಕೊಂಡು ಹರಿದು ಮೇಜಿನ ಕಾಲು ಹತ್ತಿ ಆ ಕಬ್ಬಿಣದ ಪೆಟ್ಟಿಗೆಯೊಳಗೆ ಹೋಯಿತು. ಅವನು ಅದನ್ನು ನೋಡಲಿಲ್ಲ. ಅವನ ಕಣ್ಣು ತೊಲೆಯ ಮೇಲಿತ್ತು. ತೊಲೆ ಅಲುಗಾಡದೆ ಸೊನ್ನೆಯಲ್ಲಿ ನಿಂತಿತ್ತು.

ಆಗಲೇ ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಪರದೆ ಸರಿಸಿ ಬಂದಳು. ಅವಳ ಬೆನ್ನ ಮೇಲೆ ಕಕ್ಕಿದ ಹಾಲು ಹುಳಿವಾಸನೆ ಬೀರುತ್ತ ಒಣಗಿತ್ತು. ಮಗುವನ್ನು ಅವರು ಗುಬ್ಬಿ ಅನ್ನುತ್ತಿದ್ದರು. ಹೆಸರಿಗೆ ತಕ್ಕ ಹಾಗೆ ಗುಬ್ಬಿಯಷ್ಟೇ ಉಳಿದಿದ್ದಳು. ಎದೆಹಾಲು ಹೀರಲು ಬಾರದು. ಪುಡಿಹಾಲನ್ನು ಚಮಚದಲ್ಲಿ ತುಟಿಗೆ ತಾಗಿಸಿದರೆ ಬಿಲ್ಲಿನಂತೆ ಬಾಗಿ ಚೀರುವಳು. ಒಂದು ತಾಸು ಕುಡಿಸಿದ್ದು ಒಂದು ಗಳಿಗೆಯಲ್ಲಿ ಬಾಯಿ ಮೂಗುಗಳಿಂದ ಹೊರಗೆ. ಆಮೇಲೆ ಮೊಣಕಾಲು ಹೊಟ್ಟೆಗೆ ಮಡಿಸಿಕೊಂಡು ಅಳು. ಮೂರು ತಾಸಿಗೊಮ್ಮೆ ಮತ್ತೆ ಅದೇ ಯುದ್ಧ. ಹೀಗೇ ಆದರೆ ತಿಂಗಳು ದಾಟುವುದು ಕಷ್ಟ ಎಂದು ಡಾಕ್ಟರು ತಲೆ ತಗ್ಗಿಸಿಕೊಂಡು ಹೇಳಿದ್ದರು. ಕುಡಿಸುವ ಮೊದಲೊಮ್ಮೆ, ಕುಡಿಸಿದ ಮೇಲೊಮ್ಮೆ ತೂಗಿ, ಎಷ್ಟು ಒಳಗೆ ಉಳಿಯಿತು ನೋಡಿ ಎಂದಿದ್ದರು.

"ಅದು ಕೂಸು ತೂಗೋದಲ್ವೇನ್ರೀ? ನಮ್ಮ ಅಂಗಡಿ ತಕ್ಕಡಿ ಮೇಲೆ ಮಲಗಿಸಿದರೆ ಜಾರ್ತಾಳೆ. ಇದರ ಮೇಲೆ ನೋಡೋಣ."

ಮುದುಕಿಯ ಮಾತು ಅವನಿಗೆ ನೆನಪಾಯಿತು. ನೆನಪಾದದ್ದಕ್ಕೇ ನಾಚಿಕೆಯಾಯಿತು. ಗುಬ್ಬಿಯನ್ನು ತಾನೇ ಎತ್ತಿ ತಟ್ಟೆಯಲ್ಲಿಟ್ಟ, ತೂಗಿದ. ಹೆಂಡತಿ ಮೂವತ್ತು ಗ್ರಾಂ ಹಾಲು ಕುಡಿಸಿದಳು. ಮಗು ಮಿಸುಕಲಿಲ್ಲ, ಗುಟುಕು ಗುಟುಕಾಗಿ ನುಂಗಿತು. ಮತ್ತೆ ಅವನೇ ತಟ್ಟೆಗಿಟ್ಟ. ಗುಂಡು ಮೂವತ್ತು ಗೀಟು ಮುಂದೆ ಜಾರಿತು.

ಹತ್ತು ನಿಮಿಷ ಕಾದರು. ಕಾಲು ಗಂಟೆ ಕಾದರು. ಮಗು ಕಕ್ಕಲಿಲ್ಲ. ತೇಗಿತು, ನಿದ್ದೆಹೋಯಿತು. ಮೂರು ತಿಂಗಳಲ್ಲಿ ಮೊದಲ ಸಲ ಆ ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸಿತು. ಹೆಂಡತಿ ಗೋಡೆಗೊರಗಿ ಸದ್ದಿಲ್ಲದೆ ಅತ್ತಳು.

"ನೋಡಿದೆಯಾ? ಇದರ ಹೊಟ್ಟೇಲಿ ಏನೂ ಇಲ್ಲ. ನಿನ್ನ ಭಯಾನೇ ಅದಕ್ಕೆ ಅಂಟಿದ್ದು. ನಾನು ಮೊದಲಿಂದ ಬಡ್ಕೊಂಡೆ."

ಹಾಗಂದು ಎದ್ದು ನಿಂತವನ ಕಾಲಲ್ಲಿ ಏನೋ ಬಿಸಿಯಾಗಿ ಹರಿಯಿತು. ಪ್ಯಾಂಟು ಮಡಿಸಿ ನೋಡಿದ. ಮೀನಖಂಡದಲ್ಲೊಂದು ಗುಳಿ. ಬೆಣ್ಣೆಯನ್ನು ಚಮಚದಲ್ಲಿ ತೋಡಿ ತೆಗೆದ ಹಾಗೆ ನುಣುಪಾದ, ದುಂಡನೆಯ ಗುಳಿ. ಒಂದು ಕ್ಷಣ ಅದು ಬೆಳ್ಳಗಿತ್ತು. ಆಮೇಲೆ ತುಂಬಿ ಬಂತು ರಕ್ತ. ಆಮೇಲೆ ನೋವು.

ಮೇಜಿನ ಕೆಳಗೆ ತಗಡಿನ ಚೂರುಗಳ ರಾಶಿಯಿತ್ತು. ತಗಡು ತಾಗಿರಬೇಕು, ಅಂದುಕೊಂಡ. ಬಟ್ಟೆ ಕಟ್ಟಿದ. ತೋಡಿ ಹೋದ ಮಾಂಸ ಎಲ್ಲಿ ಬಿತ್ತು ಎಂದು ಹುಡುಕಲಿಲ್ಲ. ಹೆಂಡತಿ ಮಾತ್ರ ಆ ಗುಳಿಯನ್ನು ನೋಡಿದಳು, ತೊಲೆಯನ್ನು ನೋಡಿದಳು. ಸಂಜೆಗೆ ತಕ್ಕಡಿಯನ್ನು ಒಳಗೆ ಕೊಂಡುಹೋದಳು.

ಆಮೇಲಿನ ಎರಡು ದಿನ ಆ ಮನೆಗೆ ಸುಖ ಬಂದು ಕೂತ ಹಾಗಿತ್ತು. ಗುಬ್ಬಿಯ ಕೆನ್ನೆ ಉಬ್ಬಿತು, ಮಣಿಕಟ್ಟಿನಲ್ಲಿ ಮಡಿಕೆ ಬಿತ್ತು. ತೂಗದೆ ಬಿಟ್ಟರೆ ಹಾಲು ನಿಲ್ಲದು, ತೂಗಿದರೆ ನಿಲ್ಲುತ್ತದೆ ಎಂದು ಹೆಂಡತಿ ಹೇಳಿದಳು. "ಸರಿ, ತೂಗು, ಅದಕ್ಕೇನಂತೆ," ಅಂದ. ಅವಳು ಈ ಸೆಕೆಯಲ್ಲೂ ಹೊದಿಕೆ ಸುತ್ತಿಕೊಂಡು ಓಡಾಡುತ್ತಿದ್ದಳು, ಗೋಡೆ ಹಿಡಿದು ನಡೆಯುತ್ತಿದ್ದಳು. ಕೇಳಿದರೆ, "ನಿದ್ದೆಗೆಟ್ಟ ಮೈ, ನಡುಕ," ಅಂದಳು. ಬಚ್ಚಲಿನಿಂದ ತುಕ್ಕುನೀರಿನಂಥ ವಾಸನೆ ಬರುತ್ತಿತ್ತು. ಅವನಿಗೆ ಅಂಗಡಿಯಲ್ಲಿ ತುಂಬ ಕೆಲಸವಿತ್ತು.

ಮೂರನೆಯ ದಿನ ಮಟಮಟ ಮಧ್ಯಾಹ್ನ ಸೂಲಗಿತ್ತಿ ಬಂದಳು. ಅವನು ಕುಂಟುತ್ತ ಎದ್ದ. ಅವಳ ಕಣ್ಣು ನೇರ ಅವನ ಕಾಲಿಗೆ ಹೋಯಿತು.

"ಕೂಸನ್ನ ಇಟ್ಟುಬಿಟ್ಟೆಯಲ್ಲ ನೀನು," ಅಂದಳು.

"ಅಜ್ಜಿ, ಇದು ತಗಡು ಕೊಯ್ದದ್ದು. ನಿಮ್ಮ ತಕ್ಕಡೀಲಿ ಹನ್ನೊಂದು ಗ್ರಾಂ ಕಸ ಇತ್ತು, ತೆಗೆದು ಸುಟ್ಟೆ. ಈಗ ಅಚ್ಚುಕಟ್ಟಾಗಿದೆ."

ಮುದುಕಿ ಶಾಲು ಸರಿಸಿದಳು. ಭುಜದಿಂದ ಮೊಣಕೈಯವರೆಗೆ ತೋಳಿರಲಿಲ್ಲ. ತೋಳಿನ ಎಲುಬಿತ್ತು, ಅದರ ಮೇಲೆ ಬತ್ತಿದ ಚರ್ಮ. ಚರ್ಮದ ತುಂಬ ಗುಳಿಗಳು. ನುಣುಪಾದ, ದುಂಡನೆಯ ಗುಳಿಗಳು.

ಅವನ ನಗು ಬಾಯಲ್ಲೇ ಒಣಗಿತು.

"ಒಬ್ಬ ತಾಯಿ ಬರ್ತಿದ್ದಳು," ಮುದುಕಿ ಪಿಸುಗುಟ್ಟಿದಳು. "ಕೂಸಿಗೆ ಹಾಲು ಇಳಿಯಲ್ಲ ಅಂತ ದಿನಾ ಅಳೋಳು. ನಾನು ಇದರ ಮೇಲೆ ತೂಗಿ, ಎಲ್ಲಾ ಸರಿಯಿದೆ, ನಿನ್ನದೇ ಭಯ ಅಂತ ಗದರಿಸಿ ಕಳಿಸ್ತಿದ್ದೆ. ಕೂಸು ಹಸಿದೇ ಸತ್ತಿತು. ಅವಳು ಮಾಟ ಮಾಡಿಸಿದಳು. ಇದರ ಮೇಲೆ ಇಟ್ಟ ಯಾವ ಕೂಸೂ ಹಸಿಯಬಾರದು, ಕುಡಿದ ಮೇಲೆ ಯಾರು ಇಡ್ತಾರೋ ಅವರ ಮೈಯಿಂದ ಅಷ್ಟೇ ತೂಕದ ಮಾಂಸ ಹೋಗಬೇಕು. ನಾನು ದಿನಕ್ಕೆ ಹತ್ತು ಕೂಸು ಇಡೋಳು ಮಗಾ. ಕೊನೆಗೆ ಆ ತಾಯೀನೇ ಕನಿಕರಪಟ್ಟು, ತನ್ನ ದೊಡ್ಡ ಮಗುವಿನ ಹಲ್ಲು, ಸತ್ತ ಕೂಸಿನ ಕೂದಲು ಕೊಟ್ಟಳು. ಕಟ್ಟು ಹಾಕಿಸಿದೆ. ಅದನ್ನೇ ನೀನು ಸುಟ್ಟೆ."

ಅವನು ಲೆಕ್ಕ ಹಾಕಿದ. ಎರಡು ದಿನ. ಮೂರು ತಾಸಿಗೊಮ್ಮೆ. ಪ್ರತಿ ಸಲವೂ ಇಟ್ಟವಳು ಹೆಂಡತಿ.

"ಒಡೆದರೆ?"

"ಒಡೆದರೆ ನಿಲ್ಲುತ್ತೆ. ಕೂಸಿನ ಹೊಟ್ಟೆ ಮೊದಲು ಹೇಗಿತ್ತೋ ಹಾಗೇ ಆಗುತ್ತೆ."

ಸುತ್ತಿಗೆ ಕೈಗೆ ಬಂತು. ಪರದೆ ಹರಿದು ಒಳಗೆ ನುಗ್ಗಿದ.

ಕಿಟಕಿ ಮುಚ್ಚಿತ್ತು. ಹಗಲಲ್ಲೂ ಒಳಗೆ ಕಪ್ಪು. ಒಡೆದ ಹಾಲಿನ ವಾಸನೆ, ಅದರ ಅಡಿಯಲ್ಲಿ ಕಸಾಯಿಖಾನೆಯ ವಾಸನೆ. ಕಾಲಡಿ ನೆಲ ಅಂಟಂಟು. ಹೆಂಡತಿ ತಕ್ಕಡಿಯ ಪಕ್ಕ ಕೂತಿದ್ದಳು. ಹೊದಿಕೆ ಜಾರಿತ್ತು. ತೊಡೆಯಲ್ಲಿ ಗುಳಿಗಳು. ಪಕ್ಕೆಯಲ್ಲಿ ಗುಳಿಗಳು. ಹೆಗಲಲ್ಲಿ ಬಟ್ಟೆ ತುರುಕಿದ ಒಂದು ಹೊಂಡ, ಅದರಿಂದ ತೊಟ್ಟಿಕ್ಕುವ ಕೆಂಪು. ಅವಳ ಮಡಿಲಲ್ಲಿ ಗುಬ್ಬಿ ದುಂಡಗೆ, ಕೆಂಪಗೆ ಕೈಕಾಲು ಬಡಿಯುತ್ತಿತ್ತು.

"ಎರಡು ದಿನದಿಂದ ಗೊತ್ತಿತ್ತಾ ನಿನಗೆ?"

"ಮೊದಲ ಸಲಾನೇ ಗೊತ್ತಾಯ್ತು. ನಿಮ್ಮ ಕಾಲು ನೋಡಿದಾಗ."

"ಸರಿ ಆ ಕಡೆ. ಒಡೀತೀನಿ."

"ಒಡೆದರೆ ಇವಳು ಸಾಯ್ತಾಳೆ ಕಣ್ರೀ."

"ನೀನು ಸಾಯ್ತಿದೀಯ ಕಣೇ."

ಸುತ್ತಿಗೆ ಎತ್ತಿದ. ಇಳಿಯಲಿಲ್ಲ. ಗುಬ್ಬಿಯನ್ನು ಒಂದು ತೋಳಲ್ಲಿ ಅವುಚಿ ಎದ್ದ ಅವಳ ಕೈಯಲ್ಲಿ ಅವನದೇ ಎರಡು ಕಿಲೋ ತೂಕದ ಬಟ್ಟು. ಮೂಳೆ ಮುರಿದ ಸದ್ದು ಮೊದಲು ಕೇಳಿಸಿತು. ಮಣಿಕಟ್ಟು ಜೋತುಬಿತ್ತು. ಸುತ್ತಿಗೆ ಉರುಳಿತು. ಎಡಗೈ ಚಾಚಿದ. ಬಟ್ಟು ಮತ್ತೆ ಇಳಿಯಿತು, ಮಂಡಿಗೆ. ಚಿಪ್ಪು ಪುಡಿಯಾಯಿತು. ಬಿದ್ದ. ಹಣೆಗೆ ಇನ್ನೊಂದು. ಕಣ್ಣಿಗೆ ರಕ್ತ. ಇಷ್ಟು ಬಲ ಅವಳಿಗೆಲ್ಲಿಂದ ಬಂತು. ಉಳಿದದ್ದೇ ಅರ್ಧ ಮೈ.

"ಅಜ್ಜೀ," ಅಂದ. ಅಂಗಡಿಯ ಕಡೆಯಿಂದ ಚಪ್ಪಲಿಯ ಸದ್ದು, ಸರಸರ, ದೂರ, ಇನ್ನೂ ದೂರ. ಆಮೇಲೆ ಬೀದಿಯ ಸದ್ದಷ್ಟೇ.

ಗುಬ್ಬಿ ಹಸಿದು ರಾಗ ಎಳೆಯಿತು. ಹಾಲಿನ ಹೊತ್ತಾಗಿತ್ತು.

ಹೆಂಡತಿ ಮಗುವನ್ನು ತಟ್ಟೆಯಲ್ಲಿಟ್ಟು ತೂಗಿದಳು. ಎತ್ತಿಕೊಂಡು ಅವನ ಮುರಿದ ಮುಂಗೈಯ ಮೇಲೆ ಮೊಣಕಾಲೂರಿ ಕೂತಳು. ಚಮಚದಲ್ಲಿ ಹಾಲು ತೆಗೆದಳು. ಅವಸರವಿಲ್ಲ. ಪ್ರತಿ ಚಮಚಕ್ಕೂ ತುದಿಬೆರಳಿಂದ ಮಗುವಿನ ಗಲ್ಲ ಒರೆಸಿದಳು. ಜೋಗುಳದ ಧಾಟಿಯಲ್ಲಿ ಏನೋ ಗುನುಗಿದಳು. ಅವನು ನೋವಿಗೆ ಹಲ್ಲು ಕಚ್ಚಿದ. ನುಂಗುವ ಸದ್ದು. ಗುಟುಕ್. ಗುಟುಕ್. ಒಂದೊಂದೂ ಅವನ ಮೈಯಲ್ಲಿ ಜಾಗ ಹುಡುಕುತ್ತಿದ್ದ ಹಾಗೆ.

"ನಂದೇ ಭಯ ಅಂತಿದ್ರಲ್ಲ ನೀವು," ಅಂದಳು, ಮೆಲ್ಲಗೆ, ಮಗು ಬೆಚ್ಚದ ಹಾಗೆ. "ಈಗ ನನಗೆ ಭಯ ಇಲ್ಲ. ನನ್ನ ಮೈಯಲ್ಲಿ ಇನ್ನು ಜಾಗಾನೂ ಇಲ್ಲ. ನಾನು ಇನ್ನೊಂದು ಸಲ ಇಟ್ಟರೆ ನನ್ನ ಕೈ ಏಳಲ್ಲ. ಆಮೇಲೆ ಇವಳಿಗೆ ಕುಡಿಸೋರು ಯಾರು, ನೀವಾ?"

ಅವನು ನಾಲ್ಕು ತಿಂಗಳಲ್ಲಿ ಒಂದು ಸಲವೂ ಚಮಚ ಹಿಡಿದವನಲ್ಲ.

ಹಾಲು ಮುಗಿಯಿತು. ಅವಳು ಅವನ ಕಾಲರು ಹಿಡಿದು ತಕ್ಕಡಿಯ ಬುಡದವರೆಗೆ ಎಳೆದಳು. ಅವನ ಎರಡೂ ಕೈಗಳನ್ನು ಹಿಡಿದಳು, ಜೋತಾಡುವುದನ್ನೂ, ಸರಿಯಿದ್ದದ್ದನ್ನೂ. ಬೊಗಸೆ ಮಾಡಿದಳು. ಬೊಗಸೆಯಲ್ಲಿ ಗುಬ್ಬಿಯನ್ನು ಮಲಗಿಸಿದಳು. ಬಿಸಿ. ಭಾರ. ಹಾಲಿನ ಉಸಿರು. ಮಗು ಅವನ ಮುಖ ನೋಡಿ ನಕ್ಕಿತು. ಇಲ್ಲಿಯವರೆಗೆ ಅದು ಅವನಿಗೆಂದು ನಕ್ಕಿರಲಿಲ್ಲ.

ತಟ್ಟೆಯ ತಗಡು ಅವನ ಬೆರಳಿಗೆ ತಾಗಿತು. ತಣ್ಣಗಿತ್ತು. ಒಳಗೆ ಏನೋ ಚಪ್ಪರಿಸಿತು.

"ಬೇಡ ಕಣೇ. ಇದೊಂದು ಸಲ ಬಿಡು. ನಿನ್ನ ಕಾಲಿಗೆ ಬೀಳ್ತೀನಿ, ನನ್ನ ಕೈ ಬಿಡು."

ಅವಳು ಅವನ ಹಣೆಯ ರಕ್ತವನ್ನು ಮಗುವಿನ ಬಾಯಿ ಒರೆಸಿದ ಬಟ್ಟೆಯಿಂದಲೇ ಒರೆಸಿದಳು.

"ಬಿಡಲ್ಲ," ಅಂದಳು.