ಹೊಳೆಮೂಲೆಯ ಕೆಂಪು ಗೂಟಗಳು

ನವೆಂಬರ್ 12, ಬುಧವಾರ ಬೆಳಿಗ್ಗೆ 9.40ಕ್ಕೆ ಬಸವೇಶ ಠಾಣೆಗೆ ಬಂದ. ಊರು ಹೊಳೆಮೂಲೆ, ರಾಮನಾಥಪುರದಿಂದ ಕೆಳಕ್ಕೆ, ಕಾವೇರಿಯ ದಂಡೆ. ಕೈಯಲ್ಲಿ ತುದಿಗೆ ಕೆಂಪು ಬಣ್ಣ ಬಳಿದ ಕಬ್ಬಿಣದ ಗೂಟ.

"ನಿನ್ನೆ ಹರಾಜು ಮುಗಿಸ್ಕಂಡು ಬಂದ್ರೆ ಇದು ನನ್ನ ಹೊಸ ಮನೆ ಪಾಯದೊಳಗೆ ನಿಂತಿತ್ತು ಮೇಡಂ."

ಸಬ್ ಇನ್‌ಸ್ಪೆಕ್ಟರ್ ಪ್ರತಿಭಾಗೆ ಗೂಟದ ಗುರುತು ಸಿಕ್ಕಿತು. ಹೊಳೆ ಉಕ್ಕಿದರೆ ನೀರು ಎಲ್ಲಿಯವರೆಗೆ ಬರುತ್ತದೆಂದು ತೋರಿಸಲು ಜೂನ್‌ನಲ್ಲಿ ಸರ್ಕಾರ ಹನ್ನೆರಡು ಗೂಟ ನೆಡಿಸಿತ್ತು. ಗೂಟದ ಸಾಲಿನಿಂದ ಹೊಳೆಯ ಕಡೆ ಮನೆ ಕಟ್ಟುವಂತಿಲ್ಲ.

"ಯಾರ ಮೇಲೆ ಅನುಮಾನ?"

"ಊರೋರು ನಂಜಮ್ಮನ ಹೆಸರು ಯೋಳ್ತಾರೆ."

"ಎಲ್ಲಿದ್ದಾರೆ?"

"ಆಗಸ್ಟ್ ನೀರಲ್ಲಿ ಕೊಚ್ಕಂಡೋದ್ಲಲ್ಲ ಮೇಡಂ, ಆವಮ್ಮ."

ಕಾನ್‌ಸ್ಟೆಬಲ್ ಅರುಣ್‌ಕುಮಾರ್ ಪೆನ್ನು ಎತ್ತಿದ. "ಆರೋಪಿ ಮೃತಪಟ್ಟಿದ್ದಾರೆ ಅಂತ ಬರೀಲಾ ಮೇಡಂ?"

"ಅಪರಿಚಿತರು ಅಂತ ಬರಿ."

ಸಾರ್ವಜನಿಕ ಆಸ್ತಿಗೆ ಹಾನಿ ಎಂದು ಎಫ್‌ಐಆರ್ ದಾಖಲಾಯಿತು. ಸ್ಥಳದಲ್ಲಿ ಹನ್ನೆರಡು ಗೂಟಗಳೂ ಕದಲಿದ್ದವು. ಇಬ್ಬರು ಪಂಚರ ಮುಂದೆ ಅಳತೆ ಹಿಡಿದು, ಒಂದೊಂದು ಗೂಟ ನಿಂತ ಜಾಗ ಬರೆದುಕೊಂಡು, ಮತ್ತೆ ಹಳೆಯ ಸಾಲಿಗೆ ನೆಡಿಸಿದರು. ಸಾಲಿನಿಂದ ಹನ್ನೊಂದು ಹೆಜ್ಜೆ ಮೇಲೆ ನಂಜಮ್ಮನ ಮನೆಯಿತ್ತು. ಈಗ ಉಳಿದಿದ್ದು ಬಾಗಿಲ ಚೌಕಟ್ಟು ಮಾತ್ರ. ಅದರೊಳಗಿಂದ ಹೊಳೆ ಕಾಣುತ್ತಿತ್ತು. ಪ್ರತಿಭಾ ಅದನ್ನು ದಾಟದೆ ಸುತ್ತಿ ಬಂದಳು. ಯಾಕೆಂದು ಅವಳಿಗೇ ತಿಳಿಯಲಿಲ್ಲ.

ನವೆಂಬರ್ 25ರಂದು ಗೂಟಗಳು ಮತ್ತೆ ಕದಲಿದವು. ಡಿಸೆಂಬರ್ 9ರಂದು ಇನ್ನೊಮ್ಮೆ. ಪ್ರತಿ ಸಲವೂ ಅಳತೆ, ಪಂಚನಾಮೆ, ಹಳೆಯ ಸಾಲು.

"ಮೂರೂ ಮಂಗಳವಾರ ಮೇಡಂ," ಎಂದ ಅರುಣ್‌ಕುಮಾರ್. "ಮೂರೂ ದಿನ ಹೊಗೆಸೊಪ್ಪಿನ ಹರಾಜಲ್ಲಿ ಹೊಳೆಮೂಲೆ ಸರದಿ. ಬೇಲ್ ತುಂಬ್ಕಂಡು ಊರಿಗೂರೇ ರಾಮನಾಥಪುರದಲ್ಲಿರುತ್ತೆ. ಮಟಮಟ ಮಧ್ಯಾಹ್ನ ನಾಯಿ ಬಿಟ್ರೆ ಯಾರಿರಲ್ಲ. ದೆವ್ವಕ್ಕೆ ಹರಾಜಿನ ಪಟ್ಟಿ ಯಾಕೆ?"

ಮೂರೂ ಪಂಚನಾಮೆಯ ಜಾಗಗಳಿಗೆ ಅವನು ಒಂದೇ ಹಾಳೆಯ ಮೇಲೆ ಚುಕ್ಕಿಯಿಟ್ಟಿದ್ದ. ಮೂವತ್ತಾರು ಚುಕ್ಕಿ. ಹೊಳೆಯ ಹತ್ತಿರ ಒತ್ತೊತ್ತಾಗಿ, ದಿಣ್ಣೆ ಏರಿದಂತೆ ವಿರಳವಾಗಿ, ಬಸವೇಶನ ಪಾಯದ ಹತ್ತಿರ ಒಂದೆರಡು. ಪ್ರತಿಭಾ ಬಹಳ ಹೊತ್ತು ನೋಡಿದಳು. ಹೊಟ್ಟೆಕಿಚ್ಚಿಗೆ ಕಿತ್ತವನು ಹೀಗೆ ನೆಡುವುದಿಲ್ಲ. ಇದು ಲೆಕ್ಕ ಗೊತ್ತಿದ್ದವನ ಕೈ.

ಮಾರನೆಯ ದಿನ ಅವಳು ಹಾಸನಕ್ಕೆ ಹೋದಳು. ಪ್ರವಾಹ ನಕ್ಷೆ ಮಾಡಿಕೊಟ್ಟ ಖಾಸಗಿ ಕಚೇರಿಯಲ್ಲಿ ಮೇಘಶ್ರೀ ಎಂಬ ಹುಡುಗಿ ಕಂಪ್ಯೂಟರಿನಲ್ಲಿ ಎರಡು ನಕ್ಷೆ ತೆರೆದಳು. ಸರ್ಕಾರಕ್ಕೆ ಕೊಟ್ಟದ್ದರಲ್ಲಿ ಒಂದೇ ಕೆಂಪು ಗೆರೆ. ಮೊದಲ ಕರಡಿನಲ್ಲಿ ಗೆರೆಯೇ ಇರಲಿಲ್ಲ. ಹೊಳೆಯಿಂದ ಮೇಲಕ್ಕೆ ನೀಲಿ ಬಣ್ಣ ತೆಳುವಾಗುತ್ತ ಹೋಗಿ ಬಿಳಿಯಲ್ಲಿ ಕರಗಿತ್ತು.

"ಇದ್ಯಾಕೆ ಮಸುಕು?"

"ನೀರು ಇಲ್ಲಿಗೇ ನಿಲ್ಲುತ್ತೆ ಅಂತ ಹೇಳೋಕಾಗಲ್ಲ ಮೇಡಂ. ಗಾಢ ಇರೋ ಕಡೆ ಬಂದೇ ಬರುತ್ತೆ. ತೆಳು ಇರೋ ಕಡೆ ಬಂದರೂ ಬರಬಹುದು."

"ಮತ್ತೆ ಗೆರೆ?"

"ಒಂದೇ ಗೆರೆ ಎಳಿ, ಮಸುಕು ಕಂಡರೆ ಜನ ಗಲಾಟೆ ಮಾಡ್ತಾರೆ ಅಂದ್ರು ನಮ್ಮ ಮೇಲಿನವರು. ಎಳೆದಿದ್ದು ಕಾಂತರಾಜು ಸರ್. ಗೂಟ ನೆಡೋಕೂ ಅವರೇ ಹೋಗಿದ್ರು. ಆಗಸ್ಟ್ ಆದ್ಮೇಲೆ ಕೆಲಸ ಬಿಟ್ಟರು."

ಅರುಣ್‌ಕುಮಾರನ ಮೂವತ್ತಾರು ಚುಕ್ಕಿಗಳನ್ನು ಮೇಘಶ್ರೀ ಆ ನೀಲಿಯ ಮೇಲೆ ಇಟ್ಟಳು. ಬಣ್ಣ ಗಾಢವಿದ್ದಲ್ಲಿ ಚುಕ್ಕಿ ದಟ್ಟ, ತೆಳುವಿದ್ದಲ್ಲಿ ವಿರಳ. ಹುಡುಗಿ ಮೌಸಿನಿಂದ ಕೈ ತೆಗೆದಳು.

ಡಿಸೆಂಬರ್ 23, ಮಂಗಳವಾರ, ಮಧ್ಯಾಹ್ನ 12.25. ಮತ್ತೆ ಹೊಳೆಮೂಲೆಯ ಸರದಿ; ಖಾಲಿ ಊರಿನಲ್ಲಿ ಕಾದಿದ್ದ ಪ್ರತಿಭಾಗೆ ಸುತ್ತಿಗೆಯ ಸದ್ದು ಕೇಳಿಸಿತು. ಐವತ್ತರ ಆಸುಪಾಸಿನ, ಇಸ್ತ್ರಿ ಮಾಡಿದ ಅಂಗಿಯ ವ್ಯಕ್ತಿ ಹನ್ನೆರಡನೆಯ ಗೂಟವನ್ನು ನಂಜಮ್ಮನ ಹೊಸಿಲ ಮುಂದೆ ಹೊಡೆಯುತ್ತಿದ್ದ. ಓಡಲಿಲ್ಲ.

"ಕಾಂತರಾಜು ಅವರಾ?"

"ಹೌದು ಮೇಡಂ. ಇದೊಂದು ಮುಗಿಸ್ತೀನಿ."

"ಕೆಳಗಿಡಿ. ಯಾಕೆ ಮಾಡಿದ್ರಿ?"

ಅವನು ಚೌಕಟ್ಟಿನ ಕಡೆ ನೋಡಿದ. "ಗೂಟ ನೆಟ್ಟ ದಿನ ಆಯಮ್ಮ ಮಜ್ಜಿಗೆ ಕೊಟ್ಟು ಕೇಳಿದ್ರು, 'ನಾನು ಗೆರೆ ಒಳಗೋ ಆಚೆಗೋ ಮಗಾ?' ಅಂತ. ಆಚೆಗಿದ್ದೀರ, ನೆಮ್ಮದಿಯಾಗಿ ಮಲಕ್ಕೊಳ್ಳಿ ಅಂದೆ. ಗೊತ್ತಿಲ್ಲ ಅನ್ನಬೇಕಿತ್ತು. ನನಗೆ ಗೊತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು."

"ಅರ್ಜಿ ಕೊಡಬಹುದಿತ್ತಲ್ಲ?"

"ಮೂರು ಕೊಟ್ಟೆ. ಕಾಗದದ ಮೇಲಿನ ತೆಳು ಬಣ್ಣಕ್ಕೆ ಯಾರು ಹೆದರ್ತಾರೆ? ಗೂಟ ನಡೆದಾಡಿದ್ರೆ ಹೆದರ್ತಾರೆ." ಆಮೇಲೆ ಮೆಲ್ಲಗೆ, "ಈಗಲೂ ಕೇಳ್ತಾರೆ ಮೇಡಂ, ಆಯಮ್ಮ. ದಿನಾ. ಲೋಟ ಹಿಡ್ಕಂಡೇ ನಿಂತಿರ್ತಾರೆ," ಎಂದ.

12.50ಕ್ಕೆ ಬಂಧನ. ಸುತ್ತಿಗೆ, ಗೂಟ ಜಪ್ತಿ. ಸಂಜೆ ಹರಾಜಿನಿಂದ ಬಸವೇಶ ನೇರ ಠಾಣೆಗೆ ಬಂದ.

"ಕಳ್ಳ ಸಿಕ್ಕಿದ್ನಂತೆ. ಇನ್ನು ಗೂಟ ಅಲ್ಲಾಡಲ್ವಲ್ಲ? ನನ್ನ ಮನೆ ಗೆರೆ ಆಚೆಗೇ ತಾನೆ ಮೇಡಂ? ಗೋಡೆ ಎಬ್ಬುಸ್ಬೋದಾ?"

ಪ್ರತಿಭಾ ಬಾಯಿ ತೆರೆದಳು. ಹೌದು ಎನ್ನುವುದು ಎಷ್ಟು ಸುಲಭವೆಂದು ಆಗ ಅವಳಿಗೆ ತಿಳಿಯಿತು.

"ಗೊತ್ತಿಲ್ಲ ಬಸವೇಶಪ್ಪ," ಎಂದಳು.

ಅವನ ಮುಖದ ಬಣ್ಣ ಇಳಿಯಿತು. ಬೆಂಚಿನ ಮೇಲೆ ಕೂತ.

ಅರುಣ್‌ಕುಮಾರ್ ಸ್ಥಳನಕ್ಷೆ ತಂದಿಟ್ಟ. ಹೊಳೆ, ಚೌಕಟ್ಟು, ಪಾಯ, ನಡುವೆ ಸ್ಕೇಲಿಟ್ಟು ಪೆನ್ಸಿಲಿನಲ್ಲಿ ಎಳೆದ ಒಂದು ಗೆರೆ. ಸಹಿ ಹಾಕುವ ಮುನ್ನ ಪ್ರತಿಭಾ ಗೆರೆಯ ಮೇಲೆ ಹೆಬ್ಬೆರಳು ಒತ್ತಿ, ಮೇಲಕ್ಕೆ, ನಂಜಮ್ಮನ ಹೊಸಿಲು ದಾಟುವವರೆಗೂ ಉಜ್ಜಿದಳು.