ಸೀಟು ಹಿಡಿದ ಚೀಲ

ಅಜ್ಜಿಯ ಕನ್ನಡಕಕ್ಕೆ ಸಾವಿರದ ಇನ್ನೂರು ರೂಪಾಯಿ, ಎರಡು ಸೌತೆಕಾಯಿಗೆ ಇಪ್ಪತ್ತು, ಹೆಂಗಸರಿಗೆ ಬಸ್ಸು ಪುಕ್ಕಟೆ. ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಸುಮಾ ಲೆಕ್ಕ ಮುಗಿಸುವಷ್ಟರಲ್ಲಿ ಬಸ್ಸೊಂದು ಒಳಗೆ ಬಂತು. ಅವಳು ಕೆಂಪು ಚೀಲ ಎತ್ತಿಕೊಂಡು ಓಡಿದಳು.

"ಮೊದ್ಲು ಬೋರ್ಡ್ ಓದೇ," ಅಜ್ಜಿ ತಿಪ್ಪಮ್ಮ ಕೂಗಿದಳು.

"ಓದ್ತಾ ನಿಂತ್ರೆ ಸೀಟು ಹೋಗ್ತದಜ್ಜಿ."

ಚೀಲ ಕಿಟಕಿಯೊಳಗೆ ಹಾರಿ, ಸೀಟಿನ ಮೇಲೆ ಸರಿಯಾಗಿ ಕೂತಿತು. ಆರನೇ ಕ್ಲಾಸಿನ ಸುಮಾಗೆ ಓಟದಲ್ಲಿ ಪ್ರೈಜ್ ಬಂದಿಲ್ಲ, ಹಾಡಿನಲ್ಲೂ ಇಲ್ಲ. ಸೀಟು ಹಿಡಿಯೋ ಸ್ಪರ್ಧೆ ಇಟ್ಟರೆ ತಾನು ಸ್ಟೇಟ್ ಲೆವೆಲ್ ಎಂದು ಅವಳೇ ಎಲ್ಲರಿಗೂ ಹೇಳಿಕೊಂಡಿದ್ದಳು.

"ಹೊಸದುರ್ಗ, ಹೊಸದುರ್ಗ," ಕಂಡಕ್ಟರ್ ಕೂಗಿದ.

ಅವರು ಹೋಗಬೇಕಾದದ್ದು ತಮ್ಮೂರು ಹರಿಯಬ್ಬೆಗೆ. ಬಾಗಿಲಲ್ಲಿ ಜನವೋ ಜನ. ಚೀಲ ತರಲು ಸುಮಾ ಮುಂದೆ ನುಗ್ಗಿದಷ್ಟೂ ಹಿಂದಕ್ಕೆ ಬಂದಳು. ಬಸ್ಸು ಹೊರಟೇ ಹೋಯಿತು.

ಕನ್ನಡಕ ಚೀಲದಲ್ಲಿತ್ತು. ಹೊಸದು, ಧೂಳಾಗ್ತದೆ ಅಂತ ಅಜ್ಜಿ ಹಾಕಿಕೊಂಡಿರಲಿಲ್ಲ. ಅದಕ್ಕಾಗಿ ತನ್ನ ಎರಡು ಹುಂಜ ಮಾರಿದ್ದಳು.

ಸ್ಟ್ಯಾಂಡಿನ ಕಂಟ್ರೋಲರ್ ಎಲ್ಲ ಕೇಳಿಸಿಕೊಂಡರು. "ಚೀಲ ಕುಂತ್ಕಂಡು ಹೋತು. ನೀವು ನಿಂತ್ಕಂಡಿದೀರಿ," ಅಂದು ಫೋನ್ ಮಾಡಿದರು. ಕಂಡಕ್ಟರ್ ಎತ್ತಲಿಲ್ಲ.

"ವಾಪಸ್ ಬರೋದು ಸಂಜೆಗೆ. ಕಾಯ್ರಿ ಅಜ್ಜಿ."

ಸುಮಾ ಕಲ್ಲುಬೆಂಚಿನ ತುದಿಯಲ್ಲಿ ಕೂತಳು. ಅಜ್ಜಿ ಬೈಯಲಿಲ್ಲ. ಸೌತೆಕಾಯಿ ಕೊಟ್ಟು, "ತಿನ್ನು, ಸ್ಟೇಟ್ ಲೆವೆಲ್ಲು," ಅಂದಳು. ಬೈದಿದ್ದರೇ ವಾಸಿ ಇತ್ತು.

ಸಂಜೆ ಅದೇ ಬಸ್ಸು ಬಂತು. ಕಂಡಕ್ಟರ್ ಚೀಲ ಹಿಡಿದು ಇಳಿದ. ಸುಮಾ ಮೊದಲು ಕನ್ನಡಕದ ಡಬ್ಬಿ ತೆರೆದು ನೋಡಿದಳು. ಗಾಜು ಒಡೆದಿರಲಿಲ್ಲ.

"ಟಿಕೆಟ್ ಕೊಡೋ ಗಡಿಬಿಡ್ಯಾಗೆ ನಾನು ಫೋನೂ ನೋಡ್ಲಿಲ್ಲ, ಚೀಲನೂ ನೋಡ್ಲಿಲ್ಲ," ಅಂದ ಅವನು. "ಆ ಸೀಟಿನ ಪಕ್ಕದಾಗೆ ನಿಮ್ಮಂಗೇ ಒಬ್ರು ಅಜ್ಜಿ, ಕಂಬ ಹಿಡ್ಕಂಡು ನಿಂತಿದ್ರು. ಇಳಿಯೋವಾಗ, 'ಯಾಕಜ್ಜಿ ಕುಂತ್ಕಳ್ಳಿಲ್ಲ' ಅಂದ್ರೆ, 'ಯಾರ್ದೋ ಸೀಟು, ಬರ್ತಾರೇನೋ ಅಂದ್ಕಂಡೆ' ಅಂದ್ರು."

"ಎಲ್ಲಿ ತನಕ ನಿಂತಿದ್ರು?" ಸುಮಾ ಕೇಳಿದಳು.

"ಹೊಸದುರ್ಗದ ತನಕ."

ಸುಮಾ ಡಬ್ಬಿ ಮುಚ್ಚಿ ಚೀಲದೊಳಗಿಟ್ಟಳು.

ಹರಿಯಬ್ಬೆ ಬಸ್ಸು ಬಂದಾಗ ಅವಳು ಬೋರ್ಡ್ ಓದಿದಳು. ಕಿಟಕಿಗಳೊಳಗೆ ಟವೆಲ್ಲು, ಚೀಲ ಹಾರಿದವು. ಸುಮಾ ಅಜ್ಜಿಯ ಕೈ ಹಿಡಿದು ಬಾಗಿಲಿನಿಂದ ಹತ್ತಿದಳು. ಯಾರೋ ಹೆಂಗಸು ಸರಿದು ಕೂತು ಅಜ್ಜಿಗೆ ಅರ್ಧ ಜಾಗ ಕೊಟ್ಟಳು. ಅಜ್ಜಿ ಕನ್ನಡಕ ಹಾಕಿಕೊಂಡು ಮೊಮ್ಮಗಳನ್ನು ನೋಡಿದಳು.

"ಲೇ, ನಿನ್ನ ಮುಖದಾಗೆ ಇಷ್ಟು ಧೂಳೈತಾ?"

ಸುಮಾ ಕಂಬ ಹಿಡಿದು ನಕ್ಕಳು. ಕನ್ನಡಕ ಸಿಕ್ಕಿತ್ತು. ಒಂದು ಮಧ್ಯಾಹ್ನ ಹೋಗಿತ್ತು. ಊರು ಬರುವ ತನಕ ಅವಳಿಗೆ ಸೀಟು ಸಿಗಲಿಲ್ಲ.