ಸಾಹುಕಾರನ ಕಿಂಡಿ

ಎರಡು ಸ್ಕ್ರೂ ಸಲೀಸಾಗಿ ಬಂದವು. ಮೂರನೆಯದು ಮಾತ್ರ ಹಟ ಹಿಡಿದು ಕೂತಿತ್ತು.

“ಬಾರೋ ರಾಜಾ, ಬಾರೋ,” ಎಂದು ಮಿಡತೆ ಅದಕ್ಕೆ ಪೂಸಿ ಹೊಡೆದಳು. ಬರಲಿಲ್ಲ. “ಬರ್ತೀಯೋ, ಇಲ್ಲಾ ಎರಡು ಬಿಡ್ಲೋ?” ಎಂದು ಹೆದರಿಸಿದಳು. ಅದಕ್ಕೂ ಜಗ್ಗಲಿಲ್ಲ. ಕೊನೆಗೆ ನಾಲಿಗೆ ಕಚ್ಚಿಕೊಂಡು, ಅಪ್ಪನ ಸ್ಕ್ರೂಡ್ರೈವರನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದಾಗ ಕಿರ್ರ್ ಎಂದು ಸಡಿಲವಾಯಿತು.

ಅದು ಹೊಸ ಮನೆಯ ಹಿಂದಿನ ಗೋಡೆ. ನೆಲದಿಂದ ಮೊಣಕಾಲೆತ್ತರಕ್ಕೆ ಒಂದು ಗಾಳಿ ಕಿಂಡಿ. ಕಿಂಡಿಗೆ ಉಕ್ಕಿನ ಜಾಲರಿ. ಅದರ ಕಣ್ಣುಗಳು ಎಷ್ಟು ಸಣ್ಣವೆಂದರೆ, ಸೊಳ್ಳೆ ಕೂಡ ಹೊಟ್ಟೆ ಒಳಗೆಳೆದುಕೊಂಡು ತೂರಬೇಕು. ಮೇಲೊಂದು, ಕೆಳಗೊಂದು, ಎರಡು ಪಕ್ಕಕ್ಕೆ ಒಂದೊಂದು ಸ್ಕ್ರೂ.

ಮೇಲಿನದನ್ನು ಮಿಡತೆ ಬಿಚ್ಚಲಿಲ್ಲ. ಸ್ವಲ್ಪ ಸಡಿಲ ಮಾಡಿದಳು, ಅಷ್ಟೆ. ಈಗ ಜಾಲರಿ ನೋಡುವುದಕ್ಕೆ ಮೊದಲಿನ ಹಾಗೆಯೇ ಇತ್ತು. ಆದರೆ ತಲೆಯಿಂದ ತಳ್ಳಿದರೆ ಪಕ್ಕಕ್ಕೆ ಸರಿಯುತ್ತಿತ್ತು. ಬೆಕ್ಕಿನ ತಲೆಗೆ ಅಷ್ಟು ಸಾಕು.

ಅವಳು ಕಿಂಡಿಯೊಳಗೆ ಭುಜದವರೆಗೆ ಕೈ ತೂರಿಸಿ, ತನ್ನ ಹಳೆಯ ಸ್ವೆಟರನ್ನು ಒಳಗೆ ಹಾಸಿದಳು. ಪಕ್ಕದಲ್ಲಿ ಒಂದು ಸ್ಟೀಲ್ ಬಟ್ಟಲಿಟ್ಟು, ತನ್ನ ಪಾಲಿನ ಹಾಲನ್ನು ಬಾಟಲಿಯಿಂದ ಸುರಿದಳು.

“ಸಾಹುಕಾರಾ... ಬ್ಸ್ ಬ್ಸ್ ಬ್ಸ್...”

ಬೇಲಿಯ ಆಚೆ ಸುಟ್ಟ ಗುಡ್ಡ. ಕರಿ ಕಡ್ಡಿಗಳಂತೆ ನಿಂತ ಮರಗಳು. ಯಾರೂ ಬರಲಿಲ್ಲ.

“ಮಿಡತೆ! ಎಲ್ಲಿ ಹಾರಿ ಹೋದ್ಯೇ?” ಮುಂಬದಿಯಿಂದ ಅಪ್ಪ ಕೂಗಿದರು.

“ಬಂದೇ!” ಎಂದು ಮೂರು ಸ್ಕ್ರೂಗಳನ್ನೂ ಜೇಬಿಗೆ ತುರುಕಿಕೊಂಡು ಓಡಿದಳು. ಅವಳಿಗೆ ಆ ಹೆಸರು ಬಂದದ್ದು ಕೂತಲ್ಲಿ ಕೂರದೇ ಇದ್ದದ್ದಕ್ಕೆ. ಶಾಲೆಯ ಹಾಜರಿಯಲ್ಲಿ ಬೇರೆ ಹೆಸರಿತ್ತು. ಅದನ್ನು ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ಸಾಹುಕಾರ ಅಂದರೆ ಅವರ ಬೆಕ್ಕು. ಹೊಟ್ಟೆ ನೆಲ ಗುಡಿಸುವಷ್ಟು ದಪ್ಪ. ಮನೆ ತನ್ನದು, ಇವರೆಲ್ಲ ಬಾಡಿಗೆಗಿದ್ದಾರೆ ಎನ್ನುವಂತೆ ನಡೆಯುತ್ತಿದ್ದ. ಹಳೆಯ ಮನೆಯಲ್ಲಿ ರಾತ್ರಿಯಿಡೀ ಬಾಗಿಲು ಕೆರೆದು ಪ್ರಾಣ ತಿನ್ನುತ್ತಿದ್ದ. ಮಿಡತೆ ಅಪ್ಪನ ಬೆನ್ನು ಬಿದ್ದು ಕಾಡಿದಳು. ಅಪ್ಪ ಮೇಸ್ತ್ರಿ. ಉಳಿ ಸುತ್ತಿಗೆ ತಂದು ಹಿಂದಿನ ಗೋಡೆಯಲ್ಲಿ ಅವನಿಗೆಂದೇ ಒಂದು ತೂತು ಕೊರೆದುಕೊಟ್ಟರು. ಆಮೇಲೆ ಸಾಹುಕಾರ ಯಾರಿಗೂ ಹೇಳದೆ ಕೇಳದೆ ಹೋಗುತ್ತಿದ್ದ, ಬರುತ್ತಿದ್ದ. ಒಳಗೆ ಗೋಣಿಚೀಲಗಳ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದ.

ಹೋದ ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿತ್ತು. ಆ ದಿನದ ಗಾಳಿ ಎಂಥದ್ದು ಗೊತ್ತೇ? ಮುಂದಕ್ಕೆ ಹಾರಲು ಹೊರಟ ಕಾಗೆಗಳು ಹಿಂದಕ್ಕೆ ಹೋಗುತ್ತಿದ್ದವು. ಹೊಗೆ ಎಷ್ಟು ಕಪ್ಪಗಿತ್ತೆಂದರೆ, ಕೋಳಿಗಳು ಮಧ್ಯಾಹ್ನವೇ ಗೂಡು ಸೇರಿದ್ದವು. ಜನ ಉಟ್ಟ ಬಟ್ಟೆಯಲ್ಲಿ ಓಡಿದರು. ಲಾರಿ ಹತ್ತುವ ತನಕ ಮಿಡತೆ ಕೂಗುತ್ತಲೇ ಇದ್ದಳು. ಸಾಹುಕಾರ ಬರಲಿಲ್ಲ.

ಬೀದಿಗೆ ಬೀದಿಯೇ ಸುಟ್ಟುಹೋಯಿತು. ಅಂದಿನಿಂದ ಎಲ್ಲರೂ ಶಾಲೆಯ ಮೈದಾನದ ತಗಡಿನ ಶೆಡ್ಡುಗಳಲ್ಲಿದ್ದರು. ಹಗಲು ಒಳಗೆ ಕೂತರೆ ಬೆಂದುಹೋಗಬೇಕು. ರಾತ್ರಿ ಒಂದು ಶೆಡ್ಡಿನಲ್ಲಿ ಕೆಮ್ಮಿದರೆ ನಾಲ್ಕು ಶೆಡ್ಡಿನಾಚೆ ಬೈಯುತ್ತಿದ್ದರು.

ಆಮೇಲೆ ಇಂಜಿನಿಯರ್ ಅಕ್ಕ ಬಂದಳು. ಸುಟ್ಟ ಮನೆಗಳನ್ನೆಲ್ಲ ಸುತ್ತಿ, ಬೂದಿಯಲ್ಲಿ ಮಂಡಿಯೂರಿ, ಬೆಂಕಿ ಎಲ್ಲಿಂದ ಒಳಗೆ ಬಂತೆಂದು ಹುಡುಕಿದಳು. ಆಮೇಲೆ ಬೆಂಕಿಗೆ ಬಗ್ಗದ ಮನೆಯ ನಕ್ಷೆ ಬರೆದಳು. ಅಂಥ ಮೊದಲ ಮನೆ ಎದ್ದದ್ದು ಮಿಡತೆಯ ಹಳೆಯ ಮನೆ ಇದ್ದ ಜಾಗದಲ್ಲೇ. ಕಾಡಿಗೆ ಎಲ್ಲಕ್ಕಿಂತ ಹತ್ತಿರ ಇದ್ದದ್ದು ಅದೇ. ಇಲ್ಲಿ ನಿಂತರೆ ಎಲ್ಲಿಯಾದರೂ ನಿಂತೀತು ಎಂದು ಅಕ್ಕನ ಲೆಕ್ಕ. ಕಟ್ಟಿದ್ದು ಅಪ್ಪ.

ಗೋಡೆ ಕಾಂಕ್ರೀಟು, ಚಾವಣಿ ಕಾಂಕ್ರೀಟು. ಕಿಟಕಿಗೆ ಕಬ್ಬಿಣದ ಬಾಗಿಲು. ಹೊರಗೆ ಒಂದು ಮರದ ತುಂಡಿಲ್ಲ. ಸುತ್ತ ಗಿಡವಿಲ್ಲ, ಬರೀ ಜಲ್ಲಿಕಲ್ಲು. ಒಣಗಿದ ಎಲೆ ಬಂದು ಕೂರುವುದಕ್ಕೂ ಒಂದು ಸಂದಿ ಇರಲಿಲ್ಲ.

“ಇದೇನು ಮನೆಯೋ, ನೀರಿನ ಟ್ಯಾಂಕೋ?” ಎಂದು ಹೊಲಿಗೆ ಅಜ್ಜಿ ಕೇಳಿದ್ದಳು. ಪಕ್ಕದ ಶೆಡ್ಡಿನವಳು. ಅವಳ ಹೊಲಿಗೆ ಮಷೀನು ಬೆಂಕಿಯಲ್ಲಿ ಸೊಟ್ಟಗಾಗಿ ಯಾವ ಕೆಲಸಕ್ಕೂ ಬಾರದಾಗಿತ್ತು.

“ಟ್ಯಾಂಕೇ ಅನ್ಕೊಳ್ಳಿ ಅಜ್ಜಿ. ಟ್ಯಾಂಕು ಸುಟ್ಟಿದ್ದು ಎಲ್ಲಾದ್ರೂ ಕೇಳಿದೀರಾ?” ಎಂದು ಅಕ್ಕ ನಕ್ಕಿದ್ದಳು.

“ಹಾಗಾದ್ರೆ ಬೇಗ ಕೊಡು ತಾಯಿ. ಇನ್ನೊಂದು ಬೇಸಿಗೆ ಆ ತಗಡಿನ ಕೆಳಗೆ ನನ್ನ ಕೈಲಾಗಲ್ಲ.”

ಕೊಡುವುದು ಅಕ್ಕನ ಕೈಯಲ್ಲಿರಲಿಲ್ಲ. ಮೊದಲು ಟೆಸ್ಟ್ ಆಗಬೇಕು. ದೊಡ್ಡ ಆಫೀಸಿನಿಂದ ಸಾಹೇಬರು ಬಂದು ಮನೆಗೆ ಬೆಂಕಿಯ ಕಿಡಿ ಹೊಡೆಸಿ ನೋಡುತ್ತಾರೆ. ಪಾಸಾದರೆ ಶೆಡ್ಡಿನಲ್ಲಿರುವ ಎಲ್ಲರಿಗೂ ಇಂಥದೇ ಮನೆ.

ಇದೆಲ್ಲ ಮಿಡತೆಗೆ ಗೊತ್ತಿತ್ತು. ಆದರೆ ಅವಳು ತನ್ನದೇ ಲೆಕ್ಕ ಹಾಕಿದ್ದಳು. ಕಾಡಿನ ಬೆಂಕಿಯನ್ನು ಅವಳು ಕಣ್ಣಾರೆ ಕಂಡಿದ್ದಳು. ಅದು ಗುಡ್ಡಕ್ಕಿಂತ ಎತ್ತರವಿತ್ತು. ಅಷ್ಟು ದೊಡ್ಡದು ಬೆಕ್ಕು ತೂರುವ ಕಿಂಡಿಯಲ್ಲಿ ಹೇಗೆ ತಾನೇ ತೂರೀತು?

*

ಮರುದಿನ ಬೆಳಿಗ್ಗೆ ಶೆಡ್ಡಿನ ಜನವೆಲ್ಲ ಹಗ್ಗದ ಆಚೆ ನಿಂತಿದ್ದರು. ಸಾಹೇಬರು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ಒಳಗೆಲ್ಲ ಅಡ್ಡಾಡಿ ಬಂದರು. ಪ್ರತಿ ಕೋಣೆಯಲ್ಲೂ ನೆಲದ ತುಂಬ ಒಣಹುಲ್ಲು ಹರಡಿದ್ದರು. ಹುಲ್ಲು ಸುಡದೆ ಉಳಿದರೆ ಮನೆ ಪಾಸು.

“ಅಪ್ಪ, ಪಾಸಾಗುತ್ತಾ?” ಮಿಡತೆ ಕೇಳಿದಳು.

“ನಿನ್ನ ಗಣಿತದ ಪೇಪರಾ ಇದು, ಅನುಮಾನ ಪಡೋಕೆ?” ಎಂದರು ಅಪ್ಪ. ಆದರೆ ಅವರ ಕೈ ಸುಮ್ಮನಿರಲಿಲ್ಲ. ಅಂಗಿಯ ಗುಂಡಿಯನ್ನು ಹಾಕುತ್ತಿದ್ದರು, ಬಿಚ್ಚುತ್ತಿದ್ದರು.

ಒಂದು ದೊಡ್ಡ ಡ್ರಮ್ಮಿನಲ್ಲಿ ಮರದ ಚೂರುಗಳಿಗೆ ಬೆಂಕಿ ಹಾಕಿದರು. ಗಾಳಿ ಮೆಷಿನ್ ಚಾಲು ಮಾಡಿದರು. ಅಬ್ಬಾ! ಲಕ್ಷ ಮಿಂಚುಹುಳಗಳಿಗೆ ಒಟ್ಟಿಗೆ ಹುಚ್ಚು ಹಿಡಿದ ಹಾಗೆ ಕಿಡಿಗಳು ಹಾರಿದವು. ಗೋಡೆಗೆ ಬಡಿದು ಕೆಳಗೆ ಬಿದ್ದವು. ಜಲ್ಲಿಯ ಮೇಲೆ ಒದ್ದಾಡಿ ಆರಿಹೋದವು. ಕಿಟಕಿಗೆ ಬಡಿದವು, ಬಾಗಿಲಿಗೆ ಬಡಿದವು. ಮನೆ ಕಣ್ಣೂ ಮಿಟುಕಿಸಲಿಲ್ಲ.

“ಟ್ಯಾಂಕಪ್ಪಾ ಟ್ಯಾಂಕು!” ಎಂದು ಹೊಲಿಗೆ ಅಜ್ಜಿ ಚಪ್ಪಾಳೆ ತಟ್ಟಿದಳು. ಜನ ನಕ್ಕರು. ಶೆಡ್ಡಿಗೆ ಬಂದ ಮೇಲೆ ಅಷ್ಟು ಜನ ಒಟ್ಟಿಗೆ ನಕ್ಕದ್ದನ್ನು ಮಿಡತೆ ಕೇಳಿರಲೇ ಇಲ್ಲ.

ಆಮೇಲೆ ಮೆಷಿನನ್ನು ಮನೆಯ ಹಿಂದಕ್ಕೆ ಎಳೆದರು. ಜನರೂ ಹಿಂದೆ ಹೋದರು.

ಗಾಳಿ ಬೀಸಿದ್ದೇ ತಡ, ಕಿಂಡಿಯ ಜಾಲರಿ ಅಲ್ಲಾಡಿತು. ಪಕ್ಕಕ್ಕೆ ಸರಿಯಿತು. ಅಲ್ಲೇ ಪಟಪಟ ಬಡಿದುಕೊಳ್ಳತೊಡಗಿತು. ಕಿಂಡಿ ಬಾಯಿ ತೆರೆದಿತ್ತು.

ಒಂದು ಕಿಡಿ ಒಳಗೆ ಹೋಯಿತು. ಮತ್ತೊಂದು. ಆಮೇಲೆ ಒಂದು ಹಿಂಡು.

ಮಿಡತೆಗೆ ಆಗ ಹೊಳೆಯಿತು. ಆ ದೊಡ್ಡ ಬೆಂಕಿ ತೂರಬೇಕಾಗಿಯೇ ಇರಲಿಲ್ಲ. ಅದರ ಮರಿಗಳು ತೂರಿದರೆ ಸಾಕಿತ್ತು. ಕೂಗಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಕಿಂಡಿಯಿಂದ ಹೊಗೆ ಹೊರಗೆ ಬಂತು.

“ನಿಲ್ಸಿ! ಮೆಷಿನ್ ನಿಲ್ಸಿ!” ಅಕ್ಕ ಕಿರುಚಿದಳು.

ಅಪ್ಪ ನೀರಿನ ಬಕೆಟ್ ಹಿಡಿದು ಒಳಗೆ ಓಡಿದರು. ಹುಲ್ಲು ಉರಿದ ಹೊಗೆ ಬಾಗಿಲಿನಿಂದ ದಪ್ಪಗೆ ಬಂತು. ಅಪ್ಪ ಕೆಮ್ಮುತ್ತ ಹೊರಬಂದಾಗ ಅವರ ಕೈಯಲ್ಲಿ ನೀರು ಖಾಲಿಯಾದ ಬಕೆಟ್ ಇತ್ತು. ಬಕೆಟ್ಟಿನ ತಳದಲ್ಲಿ ಮಸಿ ಹಿಡಿದ ಒಂದು ಬಟ್ಟಲಿತ್ತು. ಯಾರೂ ನೋಡದಂತೆ ಅವರು ಅದರ ಮೇಲೆ ತಮ್ಮ ಟವಲ್ಲು ಹಾಕಿದರು. ಮಿಡತೆ ನೋಡಿದಳು.

“ಏನ್ರೀ ಮೇಸ್ತ್ರಿ ಇದು?” ಸಾಹೇಬರ ಮುಖ ಗಂಟಾಯಿತು. “ಇಷ್ಟು ಸಿಮೆಂಟ್ ಸುರಿದು, ಒಂದು ಹಿಡಿ ಹುಲ್ಲು ಉಳಿಸೋಕಾಗ್ಲಿಲ್ವಾ ನಿಮಗೆ?”

“ತಪ್ಪು ನಂದೇ ಸರ್. ಜಾಲರಿ ಸ್ಕ್ರೂ ಮರೆತುಬಿಟ್ಟೆ.”

ಅಕ್ಕ ಅಪ್ಪನ ಮುಖವನ್ನೇ ನೋಡಿದಳು. “ನೀವು ಮರೆತ್ರಾ? ದಿನಾ ಸಂಜೆ ಒಂದೊಂದು ಜಾಲರಿನೂ ಮುಟ್ಟಿ ನೋಡಿ ಶೆಡ್ಡಿಗೆ ಹೋಗೋರು ನೀವು. ನಿನ್ನೆ ಸಂಜೆ?”

“ನಿನ್ನೆ ಮುಟ್ಲಿಲ್ಲ, ದೂರದಿಂದ್ಲೇ ನೋಡಿದೆ. ಜಾಗದಲ್ಲೇ ಇತ್ತು, ಸರಿಯಾಗಿದೆ ಅನ್ಕೊಂಡೆ.”

“ಸರ್, ಗೋಡೆ ತಪ್ಪಲ್ಲ ಇದು,” ಎಂದು ಅಕ್ಕ ಸಾಹೇಬರ ಕಡೆ ತಿರುಗಿದಳು. “ಇದೇ ಜಾಗದಲ್ಲಿದ್ದ ಹಳೇ ಮನೆಗೂ ಹೀಗೇ ಆಗಿತ್ತು. ಗೋಡೆಗಳು ಗಟ್ಟಿಯಾಗೇ ಇದ್ವು. ಹಿಂದಿನ ಗೋಡೆಯಲ್ಲಿ ಯಾರೋ ಒಂದು ತೂತು ಕೊರೆದಿದ್ರು. ಕಿಡಿ ಅಲ್ಲಿಂದ ಬಂದು, ಒಳಗಿದ್ದ ಗೋಣಿಚೀಲಕ್ಕೆ—”

“ಮೇಡಂ,” ಎಂದರು ಅಪ್ಪ. “ಅದು ಈಗ ಬೇಡ.”

ಅಪ್ಪ ಯಾರ ಮಾತನ್ನೂ ಹಾಗೆ ಕತ್ತರಿಸುವವರಲ್ಲ. ಮಿಡತೆ ಅವರನ್ನು ನೋಡಿದಳು. ಅಪ್ಪ ಎಲ್ಲರ ಕಡೆಗೂ ನೋಡಿದರು, ಅವಳ ಕಡೆ ಮಾತ್ರ ನೋಡಲಿಲ್ಲ.

ಹಿಂದಿನ ಗೋಡೆ. ತೂತು. ಗೋಣಿಚೀಲ.

ಅಪ್ಪನಿಗೆ ಮೊದಲಿನಿಂದಲೂ ಗೊತ್ತಿತ್ತು. ಅದಕ್ಕೇ ದಿನಾ ಸಂಜೆ ಜಾಲರಿ ಮುಟ್ಟಿ ನೋಡುತ್ತಿದ್ದರು.

ಅವಳು ಹಗ್ಗದ ಕೆಳಗೆ ನುಸುಳಿ ಬಂದಳು. ಜೇಬಿನಿಂದ ಮೂರು ಸ್ಕ್ರೂ ತೆಗೆದು ಅಂಗೈ ಮುಂದೆ ಹಿಡಿದಳು.

“ಅಪ್ಪ ಮರೆತಿಲ್ಲ. ನಾನು ಬಿಚ್ಚಿದ್ದು. ನಮ್ಮ ಬೆಕ್ಕು ಬರ್ಲಿ ಅಂತ.”

ಸಾಹೇಬರು ಮತ್ತೆ ಕತ್ತು ಒರೆಸಿಕೊಂಡರು.

“ಬೆಕ್ಕಿಗೋಸ್ಕರ ಬೀದಿಯೋರನ್ನೆಲ್ಲ ಮತ್ತೆ ತಗಡಿನ ಕೆಳಗೆ ಕೂರಿಸಿದ್ಯಲ್ಲೇ,” ಎಂದಳು ಹೊಲಿಗೆ ಅಜ್ಜಿ. ಜೋರಾಗಿ ಬೈದಿದ್ದರೆ ಚೆನ್ನಾಗಿತ್ತು. ಅಜ್ಜಿ ಮೆಲ್ಲಗೆ ಹೇಳಿದಳು. ಹೇಳಿ, ಸೆರಗನ್ನು ತಲೆಯ ಮೇಲೆ ಹಾಕಿಕೊಂಡು ಶೆಡ್ಡಿನ ಕಡೆ ಹೊರಟಳು.

“ಸರ್, ಇವತ್ತೇ ಇನ್ನೊಂದ್ಸಲ...” ಅಕ್ಕ ಕೇಳಿದಳು.

“ಮೆಷಿನ್ ಬೇರೆ ಊರಿಗೆ ಹೋಗ್ಬೇಕಮ್ಮ. ಅಲ್ಲೂ ಜನ ಕಾಯ್ತಿದಾರೆ. ಮತ್ತೆ ಬರೋದು ಬೇಸಿಗೆ ಕಳೆದ ಮೇಲೇ.”

ಬೇಸಿಗೆ ಆಗ ತಾನೇ ಶುರುವಾಗಿತ್ತು.

*

ಸಂಜೆ ಅಪ್ಪ ಒದ್ದೆ ಬೂದಿಯನ್ನೆಲ್ಲ ಗುಡಿಸಿ ಹೊರಗೆ ಹಾಕಿದರು. ಆಮೇಲೆ ಸ್ಕ್ರೂಡ್ರೈವರ್ ಹಿಡಿದು ಕಿಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಮಿಡತೆ ಪಕ್ಕದಲ್ಲಿ ನಿಂತಳು.

“ಒಂದು ಕೊಡು,” ಎಂದರು.

ಕೊಟ್ಟಳು.

“ಅಪ್ಪ, ಹಳೇ ಮನೆ ತೂತು... ನಾನೇ ಅಲ್ವಾ ಕೇಳಿದ್ದು?”

“ಕೇಳಿದ್ದು ನೀನು. ಕೊರೆದಿದ್ದು ನಾನು. ಮೇಸ್ತ್ರಿ ಆಗಿ ನಂಗೇ ಗೊತ್ತಾಗ್ಲಿಲ್ಲ, ನಿಂಗೆಲ್ಲಿಂದ ಗೊತ್ತಾಗ್ಬೇಕು?” ಅಪ್ಪ ಜಾಲರಿಯನ್ನು ನೇರ ಮಾಡಿದರು. “ಇನ್ನೊಂದು ಕೊಡು.”

ಗಾಳಿ ಜಲ್ಲಿಯ ಮೇಲಿನ ಬೂದಿಯನ್ನು ಎಬ್ಬಿಸಿ ಗುಡ್ಡದ ಕಡೆ ಒಯ್ದಿತು.

“ಸಾಹುಕಾರ ಆ ದಿನ ಒಳಗೇ ಇದ್ನಾ?”

ಅಪ್ಪ ಬಹಳ ಹೊತ್ತು ಸ್ಕ್ರೂವನ್ನು ತೂತಿಗೆ ಹೊಂದಿಸುತ್ತಲೇ ಇದ್ದರು.

“ಮಾರನೇ ದಿನ ನಾನೊಬ್ನೇ ಬಂದಿದ್ದೆ,” ಎಂದರು ಕೊನೆಗೆ. “ಅವನ ಚೀಲದ ಜಾಗದಲ್ಲೇ ಇದ್ದ. ಹೊಗೆಗೆ ನಿದ್ದೆ ಬಂದಿರ್ಬೇಕು. ಓಡೋಕೂ ಹೋಗಿರ್ಲಿಲ್ಲ. ಬೇಲಿ ಹತ್ರ ಮಣ್ಣು ಮಾಡಿದೆ.”

“ಯಾಕಪ್ಪ ಹೇಳ್ಲಿಲ್ಲ?”

“ನೀನು ದಿನಾ ಕರೀತಿದ್ದೆ ಕಣೇ. ನಂಗೆ ಬಾಯಿ ಬರ್ಲಿಲ್ಲ.”

ಮಿಡತೆ ಬೇಲಿಯ ಕಡೆ ನೋಡಿದಳು. ಅಲ್ಲಿ ಎಲ್ಲ ಕಡೆಯೂ ಒಂದೇ ತರದ ಮಣ್ಣಿತ್ತು. ಎಲ್ಲಿ ಎಂದು ಕೇಳಬೇಕೆನಿಸಿತು. ಅಪ್ಪನ ಕಣ್ಣಂಚು ಒದ್ದೆಯಾಗಿದ್ದನ್ನು ನೋಡಿ ಆಮೇಲೆ ಕೇಳಿದರಾಯಿತು ಎಂದುಕೊಂಡಳು. ಕೊನೆಯ ಸ್ಕ್ರೂವನ್ನು ಅಪ್ಪನಿಗೆ ಕೊಡಲಿಲ್ಲ.

“ಸ್ಕ್ರೂಡ್ರೈವರ್ ಕೊಡಿಲ್ಲಿ.”

“ಅದು ಬಿಗಿ ಇದೆ, ನಿನ್ನ ಕೈಲಿ ಆಗಲ್ಲ.”

“ಆಗತ್ತೆ. ಬಿಚ್ಚಿದ್ದು ನಾನೇ ತಾನೆ?”

ಅಪ್ಪ ಸ್ವಲ್ಪ ಜರುಗಿ ಜಾಗ ಬಿಟ್ಟರು. ಮಿಡತೆ ಜಲ್ಲಿಯ ಮೇಲೆ ಮಂಡಿಯೂರಿದಳು. ಕಲ್ಲು ಮಂಡಿಗೆ ಚುಚ್ಚಿತು. ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದಳು. ಸ್ಕ್ರೂ ಮೆಲ್ಲಮೆಲ್ಲಗೆ ಒಳಗೆ ಹೋಯಿತು.

“ಸಾಕು ಪುಟ್ಟಾ, ಬಿಗಿಯಾಯ್ತು,” ಎಂದರು ಅಪ್ಪ.

“ಇನ್ನೊಂದು ಸುತ್ತಿದೆ ಅಪ್ಪ.”

ಆ ಒಂದು ಸುತ್ತೂ ಮುಗಿಯಿತು. ಸ್ಕ್ರೂ ಇನ್ನು ತಿರುಗುವುದಿಲ್ಲ ಎಂದು ಗೊತ್ತಾದ ಮೇಲೂ ಅವಳು ಕೈ ತೆಗೆಯಲಿಲ್ಲ. ಅಪ್ಪನೂ ತೆಗೆ ಎನ್ನಲಿಲ್ಲ.